ಚಾರ್ಟ್ ತಪ್ಪಾಗಿ ಬಂದರೆ ಎಲ್ಲಿ ಹುಡುಕಬೇಕು? ಮಳೆ, ಅಡಿಕೆ, ಡ್ಯಾಂ ಲೆಕ್ಕದವರಿಗೆ ದೋಷ ನಿವಾರಣೆ ಕೈಪಿಡಿ

ಮಲೆನಾಡಿನಲ್ಲಿ ಲೆಕ್ಕ ಬರೆದಿಡುವ ರೂಢಿ ಹಳೆಯದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ತೋಟದ ಮನೆಗಳಲ್ಲಿ ದಿನದ ಮಳೆ ಬರೆಯುವ ಪುಸ್ತಕ ಇರುತ್ತದೆ. ಅಡಿಕೆ ಧಾರಣೆ ಬರೆದಿಡುವವರೂ ಇದ್ದಾರೆ. ಈಗ ಆ ಪುಸ್ತಕಗಳು ನಿಧಾನಕ್ಕೆ ಕಂಪ್ಯೂಟರ್‌ಗೆ ಬರುತ್ತಿವೆ. ಮನೆಯ ಮಕ್ಕಳೋ ಮೊಮ್ಮಕ್ಕಳೋ ಕೂತು ಎಕ್ಸೆಲ್‌ಗೆ ಏರಿಸುತ್ತಾರೆ. ಆಮೇಲೆ ಒಂದು ಗ್ರಾಫ್ ಮಾಡೋಣ ಅಂತ ಇನ್ಸರ್ಟ್ ಒತ್ತುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ.

ಗೆರೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಮುಂಗಾರು ಮಳೆ ಜನವರಿಯಲ್ಲಿ ಕಾಣುತ್ತದೆ. ಒಂದು ಕಂಬ ಮುಗಿಲು ಮುಟ್ಟಿ, ಉಳಿದವು ಕಾಣದಂತೆ ಆಗುತ್ತವೆ. ಆಗ ಹೆಚ್ಚಿನವರು ಚಾರ್ಟ್ ಅಳಿಸಿ ಮತ್ತೆ ಮಾಡುತ್ತಾರೆ. ಬಣ್ಣ ಬದಲಿಸುತ್ತಾರೆ, ಬೇರೆ ಮಾದರಿ ಆರಿಸುತ್ತಾರೆ. ಮತ್ತೆ ಅದೇ ತಪ್ಪು ಬರುತ್ತದೆ. ಯಾಕೆಂದರೆ ದೋಷ ಚಾರ್ಟ್‌ನಲ್ಲಿ ಇರುವುದೇ ಅಪರೂಪ. ಅದು ಸೆಲ್‌ಗಳಲ್ಲಿ ಇರುತ್ತದೆ. ಚಾರ್ಟ್ ಮುಟ್ಟುವ ಮೊದಲು ಅಂಕಿಗಳನ್ನು ನೋಡಿ ಅನ್ನುವುದೇ ಈ ಇಡೀ ಬರಹದ ಮಾತು.

ಇನ್ನೊಂದು ವಿಷಯ. ನೋಡಿದ ಕೂಡಲೇ ತಪ್ಪು ಅಂತ ಗೊತ್ತಾಗುವ ಚಾರ್ಟ್ ಬಗ್ಗೆ ನನಗೆ ಚಿಂತೆ ಕಡಿಮೆ. ಅದನ್ನು ಯಾರಾದರೂ ಸರಿ ಮಾಡುತ್ತಾರೆ. ಚೆಂದವಾಗಿ ಕಾಣುತ್ತಾ ಸುಳ್ಳು ಹೇಳುವ ಚಾರ್ಟ್ ಇದೆಯಲ್ಲ, ಅದು ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತುತ್ತದೆ. ಹಾಗಾಗಿ ಎರಡೂ ಬಗೆಯ ದೋಷಗಳನ್ನು ಇಲ್ಲಿ ಹೇಳುತ್ತೇನೆ. ಮೆನುಗಳ ಹೆಸರು ಮುಖ್ಯವಾಗಿ ಎಕ್ಸೆಲ್‌ನದು. ಲಿಬ್ರೆಆಫೀಸ್ ಕ್ಯಾಲ್ಕ್ ಮತ್ತು ಗೂಗಲ್ ಶೀಟ್ಸ್‌ನಲ್ಲಿ ದಾರಿ ಬೇರೆ ಇದ್ದಲ್ಲಿ ಅದನ್ನೂ ಹೇಳಿದ್ದೇನೆ.

ಮೊದಲ ಪರೀಕ್ಷೆ: ಕಾಲಂ ಆರಿಸಿ, ಕೆಳಗೆ ನೋಡಿ

ಚಾರ್ಟ್‌ಗೆ ಹೋಗುವ ಅಂಕಿಗಳ ಕಾಲಂ ಪೂರ್ತಿ ಆರಿಸಿ. ಪರದೆಯ ಕೆಳಗಿನ ಪಟ್ಟಿ ನೋಡಿ. ಎಕ್ಸೆಲ್‌ನಲ್ಲಿ ಅಲ್ಲಿ ಆವರೇಜ್, ಕೌಂಟ್, ಸಮ್ ಅಂತ ಮೂರು ಕಾಣಬೇಕು. ಬರೀ ಕೌಂಟ್ ಕಂಡರೆ ನೀವು ಆರಿಸಿದ್ದು ಅಂಕಿಗಳಲ್ಲ, ಅಂಕಿಯಂತೆ ಕಾಣುವ ಅಕ್ಷರಗಳು. ಕ್ಯಾಲ್ಕ್‌ನಲ್ಲಿ ಸಮ್ ಸೊನ್ನೆ ಅಂತ ಬರುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಬಲಗಡೆ ಮೂಲೆಯಲ್ಲಿ ಕೌಂಟ್ ಮಾತ್ರ ಬರುತ್ತದೆ.

ಮೂರೂ ಕಂಡವು, ಆದರೆ ಸಮ್ ನಿಮ್ಮ ಪುಸ್ತಕದ ಮೊತ್ತಕ್ಕಿಂತ ಕಡಿಮೆ ಇದೆ ಅಂದ್ರೆ ಕೆಲವು ಸೆಲ್ ಸರಿ ಇವೆ, ಕೆಲವು ಇಲ್ಲ. ಇದು ಜಾಸ್ತಿ ಅಪಾಯ. ಚಾರ್ಟ್ ಬರುತ್ತದೆ, ನಡುವೆ ಎಲ್ಲೋ ನಾಲ್ಕು ದಿನ ಮಳೆಯೇ ಇಲ್ಲದ ಹಾಗೆ ತೋರಿಸುತ್ತದೆ.

ಇನ್ನೊಂದು ಗುರುತು, ಸೆಲ್‌ನಲ್ಲಿ ಅಂಕಿ ಯಾವ ಕಡೆ ಒತ್ತಿ ನಿಂತಿದೆ ಅನ್ನುವುದು. ನೀವು ಅಲೈನ್‌ಮೆಂಟ್ ಬದಲಿಸದೆ ಇದ್ದರೆ ನಿಜವಾದ ಅಂಕಿ ಬಲಕ್ಕೆ ನಿಲ್ಲುತ್ತದೆ, ಅಕ್ಷರ ಎಡಕ್ಕೆ ನಿಲ್ಲುತ್ತದೆ. ತಾರೀಖು ಕೂಡ ಒಳಗೆ ಅಂಕಿಯೇ, ಅದೂ ಬಲಕ್ಕೆ ನಿಲ್ಲಬೇಕು. ಇದಕ್ಕಾಗಿಯೇ ಹೇಳುತ್ತೇನೆ: ಲೆಕ್ಕ ಏರಿಸಿ ಮುಗಿಯುವ ತನಕ ಸೆಂಟರ್ ಅಲೈನ್ ಮಾಡಬೇಡಿ. ಮಧ್ಯಕ್ಕೆ ತಂದರೆ ಈ ಗುರುತು ಅಳಿಸಿಹೋಗುತ್ತದೆ.

ಸಂಶಯ ಉಳಿದರೆ ಪಕ್ಕದ ಖಾಲಿ ಕಾಲಂನಲ್ಲಿ ಇಸ್‌ನಂಬರ್ ಫಾರ್ಮುಲಾ ಹಾಕಿ ಕೆಳಗಿನ ತನಕ ಎಳೆಯಿರಿ. ಟ್ರೂ ಬಂದರೆ ಅಂಕಿ, ಫಾಲ್ಸ್ ಬಂದರೆ ಅಕ್ಷರ. ಫಾಲ್ಸ್ ಬಂದ ಸಾಲುಗಳನ್ನು ಮಾತ್ರ ಫಿಲ್ಟರ್ ಮಾಡಿ ನೋಡಿ. ಕಾರಣ ಅಲ್ಲೇ ಸಿಗುತ್ತದೆ.

ಗೆರೆ ಸೊನ್ನೆಗೆ ಇಳಿದಿದೆ, ಅಥವಾ ಧಾರಣೆ ಕೆಳಗಿನ ಅಕ್ಷದಲ್ಲಿ ಹೋಗಿ ಕೂತಿದೆ

ಅಕ್ಷರವಾದ ಅಂಕಿಯನ್ನು ಎಕ್ಸೆಲ್ ಚಾರ್ಟ್‌ನಲ್ಲಿ ಸೊನ್ನೆ ಅಂತ ಬರೆಯುತ್ತದೆ. ಇಡೀ ಕಾಲಂ ಅಕ್ಷರವಾಗಿದ್ದರೆ, ಅದನ್ನು ಹೆಸರಿನ ಪಟ್ಟಿ ಅಂದುಕೊಂಡು ಕೆಳಗಿನ ಅಕ್ಷಕ್ಕೆ ಹಾಕಿಬಿಡಬಹುದು.

ಅಡಿಕೆ ಲೆಕ್ಕದಲ್ಲಿ ಇದು ಬರುವ ದಾರಿಗಳು ನಮ್ಮವರಿಗೆ ಚೆನ್ನಾಗಿ ಗೊತ್ತಿರುವವೇ. 48,500/- ಅಂತ ಬರೆಯುವ ಅಭ್ಯಾಸ ನಮಗೆ ಇದೆ. ಆ ಓರೆ ಗೆರೆ ಮತ್ತು ಅಡ್ಡ ಗೆರೆ ಸೇರಿದ ಕೂಡಲೇ ಅದು ಅಕ್ಷರ. ಅಂಕಿಯ ಮುಂದೆ ರೂ. ಅಂತ ಬರೆದರೂ ಅಕ್ಷರ. ಮಾರುಕಟ್ಟೆ ರಜೆಯ ದಿನ ಒಂದು ಅಡ್ಡಗೆರೆ ಹಾಕಿದರೂ ಅಕ್ಷರ. ಎಲ್ಲಕ್ಕಿಂತ ಜಾಸ್ತಿ ಕಾಣುವುದು ಕನಿಷ್ಠ, ಗರಿಷ್ಠ ಎರಡನ್ನೂ ಒಂದೇ ಸೆಲ್‌ನಲ್ಲಿ ತುರುಕುವುದು. ಶಿವಮೊಗ್ಗ ಮಾರುಕಟ್ಟೆಯಲ್ಲಿ ಅಡಿಕೆಯ ಬಗೆಗಳಾದ ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲದಕ್ಕೂ ಕನಿಷ್ಠ ಮತ್ತು ಗರಿಷ್ಠ ಧಾರಣೆ ಬರುತ್ತದೆ. ಪೇಪರ್‌ನಲ್ಲಿ ಇದ್ದ ಹಾಗೇ 46,000-51,500 ಅಂತ ಹೊಡೆದರೆ ಯಾವ ಸಾಫ್ಟ್‌ವೇರ್‌ಗೂ ಅದು ಅಂಕಿ ಅಲ್ಲ.

ಸರಿ ಮಾಡುವ ದಾರಿ ಹೀಗೆ. ಕೊನೆಯ /- ಮತ್ತು ರೂ. ತೆಗೆಯಲು ಕಂಟ್ರೋಲ್ ಎಚ್ ಒತ್ತಿ, ಅದನ್ನು ಹುಡುಕಿ, ಬದಲಿ ಜಾಗ ಖಾಲಿ ಬಿಟ್ಟು ರಿಪ್ಲೇಸ್ ಆಲ್ ಮಾಡಿ. ಕನಿಷ್ಠ-ಗರಿಷ್ಠ ಬಿಡಿಸಲು ಮೊದಲು ಬಲಗಡೆ ಒಂದು ಖಾಲಿ ಕಾಲಂ ಸೇರಿಸಿ. ಆಮೇಲೆ ಡೇಟಾ ಟ್ಯಾಬ್‌ನಲ್ಲಿ ಟೆಕ್ಸ್ಟ್ ಟು ಕಾಲಮ್ಸ್, ಅಲ್ಲಿ ಡಿಲಿಮಿಟೆಡ್, ಅದರ್ ಅನ್ನುವಲ್ಲಿ ಅಡ್ಡಗೆರೆ ಹಾಕಿ ಫಿನಿಶ್ ಮಾಡಿ. ಎರಡು ಕಾಲಂ ಆಗುತ್ತವೆ, ಎರಡು ಗೆರೆಯ ಚಾರ್ಟ್ ಬರುತ್ತದೆ. ಆ ಎರಡು ಗೆರೆಗಳ ನಡುವಿನ ಅಂತರವೇ ಮಾರುಕಟ್ಟೆಯ ಬಗ್ಗೆ ಎಷ್ಟೋ ಹೇಳುತ್ತದೆ. ಗರಿಷ್ಠ ಮಾತ್ರ ಹಾಕಿ ಚಾರ್ಟ್ ಮಾಡುವುದು ನನಗೆ ಇಷ್ಟವಿಲ್ಲ. ಗರಿಷ್ಠ ಧಾರಣೆ ಸಿಗುವುದು ಒಳ್ಳೆಯ ಮಾಲಿಗೆ ಮಾತ್ರ ಅಲ್ವಾ?

ರೂಪಾಯಿ ಗುರುತು ಬೇಕೇ ಬೇಕು ಅಂದರೆ ಟೈಪ್ ಮಾಡಬೇಡಿ. ಬರೀ 48500 ಹೊಡೆದು, ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಕರೆನ್ಸಿ ಆರಿಸಿ. ಗುರುತು ಕಾಣುತ್ತದೆ, ಒಳಗೆ ಅಂಕಿಯೇ ಇರುತ್ತದೆ.

ವೆಬ್‌ಸೈಟ್‌ನಿಂದ ನಕಲು ಮಾಡಿದ ಅಂಕಿಗಳಲ್ಲಿ ಬೇರೆ ಒಂದು ಕಾಟ ಇದೆ. ಅಂಕಿಯ ಹಿಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಅಂಟಿಕೊಂಡಿರುತ್ತದೆ. ಇದು ಸ್ಪೇಸ್ ಬಾರ್ ಒತ್ತಿದರೆ ಬರುವ ಸ್ಪೇಸ್ ಅಲ್ಲ, 160ನೇ ಸಂಕೇತದ ಸ್ಪೇಸ್. ಟ್ರಿಮ್ ಫಾರ್ಮುಲಾ ಇದನ್ನು ತೆಗೆಯುವುದಿಲ್ಲ. ಸಬ್‌ಸ್ಟಿಟ್ಯೂಟ್ ಫಾರ್ಮುಲಾದ ಒಳಗೆ ಚಾರ್ 160 ಹಾಕಿ ಅದನ್ನು ಖಾಲಿಯಿಂದ ಬದಲಿಸಬೇಕು. ಅಥವಾ ಸುಲಭವಾಗಿ, ಆ ಒಂದು ಸ್ಪೇಸನ್ನು ಸೆಲ್‌ನಿಂದಲೇ ಆರಿಸಿ ನಕಲು ಮಾಡಿ, ಕಂಟ್ರೋಲ್ ಎಚ್‌ನ ಹುಡುಕುವ ಜಾಗದಲ್ಲಿ ಅಂಟಿಸಿ.

ಮುಂಗಾರು ಜನವರಿಯಲ್ಲಿ ಸುರಿಯುತ್ತಿದೆ

ತಾರೀಖಿನ ದೋಷ ನಾನು ಕಂಡವುಗಳಲ್ಲಿ ಅತಿ ಕೆಟ್ಟದ್ದು. ಯಾಕೆಂದರೆ ಸೆಲ್ ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ.

ನಾವು ದಿನ, ತಿಂಗಳು, ವರ್ಷ ಅಂತ ಬರೆಯುತ್ತೇವೆ. ಕಂಪ್ಯೂಟರ್ ಅಮೆರಿಕದ ರೂಢಿಯಲ್ಲಿ ಇದ್ದರೆ ತಿಂಗಳು, ದಿನ, ವರ್ಷ ಅಂತ ಓದುತ್ತದೆ. ನೀವು ಜೂನ್ 1ಕ್ಕೆ 01/06/2024 ಅಂತ ಹೊಡೆದಿರಿ. ಅದು ಜನವರಿ 6 ಅಂತ ಓದಿಕೊಂಡಿತು. ಜೂನ್ 2 ಹೋಗಿ ಫೆಬ್ರವರಿ 6 ಆಯಿತು. ಹೀಗೇ ಜೂನ್ 12ರ ಮಳೆ ಡಿಸೆಂಬರ್ 6ಕ್ಕೆ ಹೋಯಿತು. ಜೂನ್ 6 ಮಾತ್ರ ಎರಡೂ ರೀತಿಯಲ್ಲಿ ಸರಿ. ಜೂನ್ 13ರಿಂದ ಮುಂದೆ ಏನಾಗುತ್ತದೆ? ಹದಿಮೂರನೇ ತಿಂಗಳು ಇಲ್ಲವಲ್ಲ. ಹಾಗಾಗಿ ಅವೆಲ್ಲ ಅಕ್ಷರವಾಗಿ ಉಳಿಯುತ್ತವೆ.

ಗುರುತು ಇದೇ. ತಾರೀಖಿನ ಕಾಲಂನಲ್ಲಿ 1ರಿಂದ 12ರ ತನಕ ಬಲಕ್ಕೆ ನಿಂತು, 13ರಿಂದ ತಿಂಗಳ ಕೊನೆ ತನಕ ಎಡಕ್ಕೆ ನಿಂತಿದ್ದರೆ ಬೇರೆ ಏನೂ ಹುಡುಕುವುದು ಬೇಡ. ತಿಂಗಳವಾರು ಮೊತ್ತ ಹಾಕಿದರೆ ಹನ್ನೆರಡು ತಿಂಗಳೂ ಒಂದಷ್ಟು ಮಳೆ ಕಾಣುತ್ತದೆ. ಮಲೆನಾಡಿನ ಯಾರೂ ಜನವರಿಯ ಆ ಕಂಬ ನೋಡಿ ಒಪ್ಪುವುದಿಲ್ಲ. ಆದರೆ ಅಡಿಕೆ ಧಾರಣೆಯಲ್ಲಿ ಇದೇ ತಪ್ಪಾದರೆ? ಧಾರಣೆ ವರ್ಷವಿಡೀ ಇರುತ್ತದೆ. ಗೆರೆ ಸುಮ್ನೆ ಸ್ವಲ್ಪ ಮೇಲೆ ಕೆಳಗೆ ಕುಣಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಧಾರಣೆ ಲೆಕ್ಕದವರು ಈ ಪರೀಕ್ಷೆಯನ್ನು ಬಿಡಲೇಬಾರದು. ಒಂದು ತಾರೀಖಿನ ಸೆಲ್ ಆರಿಸಿ ಫಾರ್ಮ್ಯಾಟ್‌ನಲ್ಲಿ ಲಾಂಗ್ ಡೇಟ್ ಕೊಡಿ. ತಿಂಗಳ ಹೆಸರು ಅಕ್ಷರದಲ್ಲಿ ಬರುತ್ತದೆ. ನೀವು ಬರೆದ ತಿಂಗಳೇ ಬಂತಾ ನೋಡಿ.

ಮದ್ದು: ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್, ಅಲ್ಲಿ ರೀಜನಲ್ ಫಾರ್ಮ್ಯಾಟ್ ಇಂಗ್ಲಿಷ್ ಇಂಡಿಯಾ ಅಂತ ಮಾಡಿ. ಗೂಗಲ್ ಶೀಟ್ಸ್‌ನಲ್ಲಿ ಫೈಲ್ ಮೆನು, ಸೆಟ್ಟಿಂಗ್ಸ್, ಲೊಕೇಲ್ ಇಂಡಿಯಾ. ಇದನ್ನು ಅಂಕಿ ಏರಿಸುವ ಮೊದಲೇ ಮಾಡಬೇಕು. ಮೊದಲೇ ತಪ್ಪಾಗಿ ಓದಿಕೊಂಡ ತಾರೀಖು ಸೆಟ್ಟಿಂಗ್ ಬದಲಿಸಿದರೆ ತಾನಾಗಿ ಸರಿಯಾಗುವುದಿಲ್ಲ. ಆಗುವುದು ಇಷ್ಟೇ, ತಪ್ಪು ತಾರೀಖು ನಮ್ಮ ರೂಢಿಯಲ್ಲಿ ಕಾಣುತ್ತದೆ. ಆದ್ದರಿಂದ ಮೂಲ ಸಿಎಸ್‌ವಿ ಫೈಲ್ (ಅಂಕಿಗಳ ನಡುವೆ ಅಲ್ಪವಿರಾಮ ಇರುವ ಸಾದಾ ಅಕ್ಷರದ ಫೈಲ್) ಇದ್ದರೆ ಸೆಟ್ಟಿಂಗ್ ಸರಿ ಮಾಡಿ ಮತ್ತೆ ಹೊಸದಾಗಿ ತೆರೆಯುವುದು ಒಳ್ಳೆಯದು. ಕ್ಯಾಲ್ಕ್ ಈ ವಿಷಯದಲ್ಲಿ ಬಹಳ ಅನುಕೂಲ. ಸಿಎಸ್‌ವಿ ತೆರೆಯುವಾಗಲೇ ಅದು ಒಂದು ಕಿಟಕಿ ತೋರಿಸುತ್ತದೆ. ತಾರೀಖಿನ ಕಾಲಂ ತಲೆಯ ಮೇಲೆ ಒತ್ತಿ ಡೇಟ್ ಡಿಎಂವೈ (ದಿನ, ತಿಂಗಳು, ವರ್ಷ) ಅಂತ ಆರಿಸಿದರೆ ಮುಗಿಯಿತು.

ಮೂಲ ಫೈಲ್ ಇಲ್ಲ, ಕೈಯಲ್ಲೇ ಟೈಪ್ ಮಾಡಿದ್ದು ಅಂದರೆ ಎರಡು ಕೆಲಸ ಬೇರೆ ಬೇರೆ ಮಾಡಬೇಕು. ಎಡಕ್ಕೆ ನಿಂತ ಅಕ್ಷರದ ತಾರೀಖುಗಳಿಗೆ ಟೆಕ್ಸ್ಟ್ ಟು ಕಾಲಮ್ಸ್, ಮೂರನೇ ಹಂತದಲ್ಲಿ ಡೇಟ್, ಡಿಎಂವೈ. ಬಲಕ್ಕೆ ನಿಂತ, ದಿನ ತಿಂಗಳು ಅದಲು ಬದಲಾದ ತಾರೀಖುಗಳಿಗೆ ಡೇಟ್ ಫಾರ್ಮುಲಾ. ಅದರೊಳಗೆ ಮೊದಲು ಇಯರ್, ಆಮೇಲೆ ತಿಂಗಳ ಜಾಗದಲ್ಲಿ ಡೇ, ದಿನದ ಜಾಗದಲ್ಲಿ ಮಂತ್. ಬೇಕಂತಲೇ ತಿರುಗಿಸಿ ಹಾಕುವುದು. ಈ ಎರಡು ಗುಂಪನ್ನು ಬೆರೆಸಬೇಡಿ, ಸರಿ ಇದ್ದದ್ದೂ ಕೆಡುತ್ತದೆ.

ಕೆಳಗಿನ ಅಕ್ಷದಲ್ಲಿ ತಾರೀಖಿನ ಬದಲು 45444 ಅಂತ ಏನೋ ಬಂದರೆ ಹೆದರುವ ಕಾರಣವಿಲ್ಲ. ಎಕ್ಸೆಲ್ ತಾರೀಖನ್ನು ದಿನಗಳ ಎಣಿಕೆಯಾಗಿ ಇಡುತ್ತದೆ. 1900ರ ಜನವರಿ 1 ಅದಕ್ಕೆ ಒಂದನೇ ದಿನ. 45444 ಅಂದರೆ 2024ರ ಜೂನ್ 1. ಅಕ್ಷದ ಮೇಲೆ ಬಲ ಗುಂಡಿ ಒತ್ತಿ ಫಾರ್ಮ್ಯಾಟ್ ಆಕ್ಸಿಸ್, ನಂಬರ್, ಡೇಟ್ ಅಂತ ಕೊಟ್ಟರೆ ಸರಿಹೋಗುತ್ತದೆ.

ಒಂದು ದಿನದ ಮಳೆ 45,414!

ಮೇಲೆ ಹೇಳಿದ ಎಣಿಕೆಯೇ ಮಳೆ ಕಾಲಂಗೆ ನುಗ್ಗಿದಾಗ ಹೀಗಾಗುತ್ತದೆ. ಕಾಫಿ ತೋಟಗಳ ಪುಸ್ತಕದಲ್ಲಿ ಮಳೆಯನ್ನು ಇಂಚು ಮತ್ತು ಸೆಂಟ್ಸ್‌ನಲ್ಲಿ ಬರೆಯುವ ರೂಢಿ ಇದೆ. ನೂರು ಸೆಂಟ್ಸ್‌ಗೆ ಒಂದು ಇಂಚು. ಎರಡು ಇಂಚು ಐದು ಸೆಂಟ್ಸ್ ಅನ್ನುವುದನ್ನು 2-05 ಅಂತ ಬರೆದಿರುತ್ತಾರೆ. ಅದನ್ನು ಹಾಗೇ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಮೇ 2 ಅಂದುಕೊಳ್ಳುತ್ತದೆ. 2024ರಲ್ಲಿ ಟೈಪ್ ಮಾಡಿದ್ದರೆ ಒಳಗಿನ ಅಂಕಿ 45,414. ಚಾರ್ಟ್‌ನಲ್ಲಿ ಆ ಒಂದು ಕಂಬ ಬಿಟ್ಟು ಬೇರೆ ಏನೂ ಕಾಣುವುದಿಲ್ಲ.

ಇದು ಕಣ್ಣಿಗೆ ಬೀಳುತ್ತದೆ, ಸರಿ ಮಾಡಬಹುದು. ಅಡ್ಡಗೆರೆಯ ಬದಲು ಚುಕ್ಕೆ ಇಡುವಾಗ ಆಗುವ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಎರಡು ಇಂಚು ಐದು ಸೆಂಟ್ಸ್ ಅಂದರೆ 2.05. ಅವಸರದಲ್ಲಿ 2.5 ಅಂತ ಹೊಡೆದರೆ 52 ಮಿಲಿಮೀಟರ್ ಮಳೆ 63.5 ಆಯಿತು. ಸುಲಭದ ದಾರಿ ಹೇಳುತ್ತೇನೆ. ಇಂಚಿಗೆ ಒಂದು ಕಾಲಂ, ಸೆಂಟ್ಸ್‌ಗೆ ಒಂದು ಕಾಲಂ ಇಡಿ. ಮೂರನೇ ಕಾಲಂನಲ್ಲಿ ಸೆಂಟ್ಸನ್ನು ನೂರರಿಂದ ಭಾಗಿಸಿ, ಇಂಚಿಗೆ ಸೇರಿಸಿ, 25.4ರಿಂದ ಗುಣಿಸಿ. ಮಿಲಿಮೀಟರ್ ಬಂತು. ಚಾರ್ಟ್‌ಗೆ ಈ ಮೂರನೆಯದು ಮಾತ್ರ ಹೋಗಲಿ.

ಅಳತೆ ಬೆರೆಯುವುದು ಇಲ್ಲಿಗೇ ನಿಲ್ಲುವುದಿಲ್ಲ. ಅಜ್ಜ ಇಂಚಿನಲ್ಲಿ ಬರೆದರು, ಅಪ್ಪ ಮಿಲಿಮೀಟರ್‌ನಲ್ಲಿ. ಪತ್ರಿಕೆಯಲ್ಲಿ ಭಾರಿ ಮಳೆಯ ಸುದ್ದಿ ಸೆಂಟಿಮೀಟರ್‌ನಲ್ಲಿ ಬರುತ್ತದೆ. ಮೂರೂ ಒಂದೇ ಕಾಲಂಗೆ ಬಂದರೆ, ಒಂದು ವರ್ಷದಿಂದ ಮಳೆ ಇದ್ದಕ್ಕಿದ್ದಂತೆ ಇಪ್ಪತ್ತೈದು ಪಟ್ಟು ಜಾಸ್ತಿಯಾದ ಹಾಗೆ ಕಾಣುತ್ತದೆ. ಪರೀಕ್ಷೆಗೆ ಪ್ರತಿ ವರ್ಷದ ಅತಿ ದೊಡ್ಡ ದಿನದ ಮಳೆ ಯಾವುದು ಅಂತ ಮ್ಯಾಕ್ಸ್ ಫಾರ್ಮುಲಾದಿಂದ ತೆಗೆಯಿರಿ. ಘಟ್ಟದ ಅಂಚಿನ ಊರಲ್ಲಿ ಇಡೀ ಮಳೆಗಾಲದ ದೊಡ್ಡ ಮಳೆ 9 ಅಂತ ಇದ್ದರೆ ಅದು ಮಿಲಿಮೀಟರ್ ಆಗಿರಲು ಸಾಧ್ಯವಿಲ್ಲ.

ಆದರೆ ಇನ್ನೊಂದು ಕಡೆಗೂ ಎಚ್ಚರ ಬೇಕು. ದೊಡ್ಡ ಅಂಕಿ ಕಂಡ ಕೂಡಲೇ ತಪ್ಪು ಅಂತ ಅಳಿಸಬೇಡಿ. ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಮಳೆ ದಾಖಲಾಗಿದೆ. ಬಯಲುಸೀಮೆಯ ಕಣ್ಣಿಗೆ ಅದು ಟೈಪಿಂಗ್ ತಪ್ಪಿನ ಹಾಗೇ ಕಾಣುತ್ತದೆ. ಸಂಶಯ ಬಂದ ಅಂಕಿಗೆ ಹಳದಿ ಬಣ್ಣ ಹಾಕಿ, ಮೂಲ ಪುಸ್ತಕ ನೋಡಿ, ಆಮೇಲೆ ತೀರ್ಮಾನ ಮಾಡಿ.

ನಿಮ್ಮ ಮನೆಯ ಲೆಕ್ಕವನ್ನು ಹವಾಮಾನ ಇಲಾಖೆಯ ಲೆಕ್ಕದ ಜೊತೆ ಇಟ್ಟಾಗ ಎರಡು ಗೆರೆಗಳು ಒಂದು ದಿನ ಆಚೀಚೆ ಆಗಿದ್ದರೆ ಚಾರ್ಟ್ ದೋಷವಲ್ಲ. ಇಲಾಖೆ ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರ ತನಕದ ಮಳೆಯನ್ನು ಅಳತೆ ಮಾಡಿದ ದಿನದ ಲೆಕ್ಕಕ್ಕೆ ಬರೆಯುತ್ತದೆ. ನೀವು ಅದೇ ಮಳೆಯನ್ನು ಹಿಂದಿನ ದಿನದ್ದು ಅಂತ ಬರೆದಿದ್ದರೆ ಒಂದು ದಿನದ ವ್ಯತ್ಯಾಸ ಬಂದೇ ಬರುತ್ತದೆ.

ಡ್ಯಾಂ ಮಟ್ಟದ ಗೆರೆ ಅಲ್ಲಾಡುವುದೇ ಇಲ್ಲ

ಮಳೆಗಾಲದಲ್ಲಿ ನಮ್ಮ ಕಡೆ ದಿನಾ ಕೇಳುವ ಪ್ರಶ್ನೆ, ಡ್ಯಾಂ ಎಷ್ಟು ತುಂಬಿತು ಅಂತ. ಹಾಗಾಗಿ ಈ ಚಾರ್ಟ್ ಮಾಡುವವರು ಬಹಳ. ಕೆಡುವುದೂ ಬಹಳ.

ಮೊದಲ ದೋಷ. ಮಳೆ ಮತ್ತು ಲಿಂಗನಮಕ್ಕಿ ಮಟ್ಟ ಎರಡನ್ನೂ ಒಂದೇ ಚಾರ್ಟ್‌ಗೆ ಹಾಕಿದಿರಿ. ಮಟ್ಟದ ಅಂಕಿ ಸಾವಿರದ ಎಂಟುನೂರರ ಹತ್ತಿರ, ಮಳೆ ನೂರರ ಆಸುಪಾಸು. ಮಟ್ಟದ ಗೆರೆ ಮೇಲೆ ನೇರವಾಗಿ ಓಡುತ್ತದೆ, ಮಳೆ ಕೆಳಗೆ ಕುಸಿದು ಕೂರುತ್ತದೆ. ಇದಕ್ಕೆ ಮಟ್ಟದ ಗೆರೆಯ ಮೇಲೆ ಬಲ ಗುಂಡಿ ಒತ್ತಿ, ಫಾರ್ಮ್ಯಾಟ್ ಡೇಟಾ ಸೀರೀಸ್, ಸೆಕೆಂಡರಿ ಆಕ್ಸಿಸ್ ಕೊಡಿ. ಗೂಗಲ್ ಶೀಟ್ಸ್‌ನಲ್ಲಿ ಕಸ್ಟಮೈಸ್, ಸೀರೀಸ್, ರೈಟ್ ಆಕ್ಸಿಸ್. ಮಳೆ ಕಂಬದಲ್ಲಿ, ಮಟ್ಟ ಗೆರೆಯಲ್ಲಿ ಇದ್ದರೆ ಓದಲು ಸುಲಭ. ಎರಡೂ ಅಕ್ಷಕ್ಕೆ ಹೆಸರು ಬರೆಯಲೇಬೇಕು. ಎಡಗಡೆ ಮಿಲಿಮೀಟರ್, ಬಲಗಡೆ ಅಡಿ. ಹೆಸರಿಲ್ಲದ ಎರಡು ಅಕ್ಷದ ಚಾರ್ಟನ್ನು ಯಾರೂ ಸರಿಯಾಗಿ ಓದಲಾರರು.

ಎರಡನೆಯದು. ಮಟ್ಟ ಮಾತ್ರ ಹಾಕಿದರೂ ಗೆರೆ ಚಪ್ಪಟೆ. ಅಕ್ಷ ಸೊನ್ನೆಯಿಂದ ಶುರುವಾಗಿರುತ್ತದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ. ಏರಿಳಿತ ಏನಿದ್ದರೂ ಮೇಲಿನ ಕೆಲವು ಹತ್ತು ಅಡಿಗಳಲ್ಲಿ. ಫಾರ್ಮ್ಯಾಟ್ ಆಕ್ಸಿಸ್‌ನಲ್ಲಿ ಮಿನಿಮಮ್ 1,740, ಮ್ಯಾಕ್ಸಿಮಮ್ 1,820 ಕೊಟ್ಟರೆ ನೀರು ಏರುವುದು ಚೆನ್ನಾಗಿ ಕಾಣುತ್ತದೆ. ಆದರೆ ಇದನ್ನು ಗೆರೆಯ ಚಾರ್ಟ್‌ನಲ್ಲಿ ಮಾತ್ರ ಮಾಡಿ. ಕಂಬದ ಚಾರ್ಟ್‌ನಲ್ಲಿ ಬೇಡ. ಕಂಬ ನೋಡುವವರು ಅದರ ಎತ್ತರ ನೋಡಿಯೇ ಎಷ್ಟು ಪಟ್ಟು ಅಂತ ಲೆಕ್ಕ ಹಾಕುತ್ತಾರೆ. ಬುಡ ಕತ್ತರಿಸಿದ ಕಂಬ ಎರಡಡಿ ಏರಿಕೆಯನ್ನು ಎರಡು ಪಟ್ಟು ಅಂತ ತೋರಿಸಬಹುದು. ಧಾರಣೆಯ ಕಂಬಗಳಿಗೂ ಇದೇ ಮಾತು.

ಮೂರನೆಯದು ಅತಿ ಸೂಕ್ಷ್ಮ. ಲಿಂಗನಮಕ್ಕಿ, ಭದ್ರಾ, ತುಂಗಾ ಮೂರನ್ನೂ ಪಕ್ಕಪಕ್ಕ ಕಂಬ ಮಾಡಿ ಹಂಚುತ್ತಾರೆ. ಲಿಂಗನಮಕ್ಕಿ ಎತ್ತರದ ಕಂಬ, ಭದ್ರಾ ಅದರ ಹತ್ತನೇ ಒಂದು ಭಾಗ. ನೋಡಿದವರು ಭದ್ರಾ ಖಾಲಿ ಅಂದುಕೊಳ್ಳುತ್ತಾರೆ. ಇಲ್ಲಿ ಅಂಕಿಗಳು ಸರಿ, ಚಾರ್ಟ್ ಮಾದರಿಯೂ ಸರಿ. ಅಳತೆ ಶುರುವಾಗುವ ಜಾಗ ಬೇರೆ. ಲಿಂಗನಮಕ್ಕಿಯ 1,819 ಅಡಿ ಸಮುದ್ರ ಮಟ್ಟದಿಂದ. ಭದ್ರಾದ 186 ಅಡಿ ಹಾಗಲ್ಲ, ಅದು ಅಣೆಕಟ್ಟೆಯಲ್ಲಿ ನೀರಿನ ಎತ್ತರ. ಸಮುದ್ರ ಮಟ್ಟದಿಂದ ಹೇಳಿದರೆ ಭದ್ರಾದ ಪೂರ್ಣ ಮಟ್ಟ 2,158 ಅಡಿ, ಅಂದರೆ ಲಿಂಗನಮಕ್ಕಿಗಿಂತ ಮೇಲೆ! ಗಾಜನೂರಿನ ತುಂಗಾ ಡ್ಯಾಂನದು 588.24, ಅದು ಮೀಟರ್‌ನಲ್ಲಿ. ಮೂರು ಡ್ಯಾಂ, ಮೂರು ಅಳತೆ.

ಹೋಲಿಸಲೇಬೇಕು ಅಂದರೆ ಪೂರ್ಣ ಮಟ್ಟದಿಂದ ಇವತ್ತಿನ ಮಟ್ಟ ಕಳೆದು, ತುಂಬಲು ಇನ್ನೆಷ್ಟು ಅಡಿ ಬಾಕಿ ಅಂತ ಚಾರ್ಟ್ ಮಾಡಿ. ತುಂಗಾದ್ದನ್ನು 3.28ರಿಂದ ಗುಣಿಸಿ ಅಡಿಗೆ ತನ್ನಿ. ಅದಕ್ಕಿಂತ ಒಳ್ಳೆಯದು ನೀರಿನ ಸಂಗ್ರಹವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವುದು. ಜಲಾಶಯ ಮೇಲೆ ಹೋದ ಹಾಗೆ ಅಗಲವಾಗುತ್ತದೆ. ಮೇಲಿನ ಒಂದು ಅಡಿಯಲ್ಲಿ ಹಿಡಿಯುವ ನೀರು ಕೆಳಗಿನ ಒಂದು ಅಡಿಗಿಂತ ಎಷ್ಟೋ ಜಾಸ್ತಿ. ಮಟ್ಟದ ಚಾರ್ಟ್‌ನಲ್ಲಿ ಈ ಸಂಗತಿ ಕಾಣುವುದಿಲ್ಲ.

ಮಳೆ ಇಲ್ಲದ ದಿನ, ಬರೆಯದ ದಿನ

ಇವೆರಡು ಬೇರೆ. ಮಳೆ ಬಾರದ ದಿನ 0 ಬರೆಯಿರಿ. ಊರಲ್ಲಿ ಇರಲಿಲ್ಲ, ಅಳೆಯಲಿಲ್ಲ ಅಂದರೆ ಸೆಲ್ ಖಾಲಿ ಬಿಡಿ. ಇದನ್ನು ಬೆರೆಸಿದರೆ ಮದುವೆಗೆ ಹೋದ ವಾರವೆಲ್ಲ ಬರಗಾಲದ ಹಾಗೆ ಕಾಣುತ್ತದೆ.

ಖಾಲಿ ಬಿಟ್ಟರೂ ಗೆರೆ ಸೊನ್ನೆಗೆ ಬೀಳುತ್ತಿದ್ದರೆ ಸೆಲೆಕ್ಟ್ ಡೇಟಾಕ್ಕೆ ಹೋಗಿ ಹಿಡನ್ ಅಂಡ್ ಎಂಪ್ಟಿ ಸೆಲ್ಸ್ ಒತ್ತಿ. ಗ್ಯಾಪ್ಸ್ ಆರಿಸಿದರೆ ಗೆರೆ ಅಲ್ಲಿ ಕಡಿಯುತ್ತದೆ. ಮಳೆಗೆ ಇದೇ ಸರಿ. ಅಡಿಕೆ ಧಾರಣೆಗೆ ರಜೆಯ ದಿನ ದಾಟಿ ಗೆರೆ ಜೋಡಿಸುವ ಆಯ್ಕೆ ಕೊಡಬಹುದು. ಸೆಲ್‌ನಲ್ಲಿ ಫಾರ್ಮುಲಾ ಇದ್ದು ಅದು ಖಾಲಿಯಂತೆ ಕಾಣುತ್ತಿದ್ದರೆ ಅದು ಖಾಲಿಯಲ್ಲ, ಸೊನ್ನೆಗೇ ಬೀಳುತ್ತದೆ. ಅಲ್ಲಿ ಎನ್‌ಎ ಫಾರ್ಮುಲಾ ಬರುವಂತೆ ಮಾಡಿ.

ಧಾರಣೆಯ ಕಂಬಗಳು ಕಡ್ಡಿಯಂತೆ ತೆಳ್ಳಗಾಗಿ ನಡುನಡುವೆ ಜಾಗ ಬಿಟ್ಟಿದ್ದರೆ ಕಾರಣ ಇದರದೇ ಇನ್ನೊಂದು ಮುಖ. ತಾರೀಖು ಕಂಡ ಕೂಡಲೇ ಎಕ್ಸೆಲ್ ರಜೆಯ ದಿನಗಳಿಗೂ ಜಾಗ ಬಿಡುತ್ತದೆ. ಫಾರ್ಮ್ಯಾಟ್ ಆಕ್ಸಿಸ್‌ನಲ್ಲಿ ಆಕ್ಸಿಸ್ ಟೈಪ್ ಟೆಕ್ಸ್ಟ್ ಆಕ್ಸಿಸ್ ಮಾಡಿ. ಮಳೆಯ ಚಾರ್ಟ್‌ಗೆ ಮಾತ್ರ ಹೀಗೆ ಮಾಡಬೇಡಿ, ಅಲ್ಲಿ ಡೇಟ್ ಆಕ್ಸಿಸ್ ಇರಲಿ.

ಮೃಗಶಿರಾ ಮಳೆ ಕೊನೆಗೆ ಬಂದಿದೆ

ದಿನದ ಮಳೆಯನ್ನು ನಕ್ಷತ್ರದ ಲೆಕ್ಕದಲ್ಲಿ ಕೂಡಿಸಿ ನೋಡುವುದು ನಮ್ಮ ಹಿರಿಯರ ಕ್ರಮ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ. ಒಂದೊಂದು ಹದಿಮೂರು ಹದಿನಾಲ್ಕು ದಿನ. ಮಲೆನಾಡಿನ ಮಳೆಗಾಲ ಅರ್ಥವಾಗಲು ತಿಂಗಳ ಲೆಕ್ಕಕ್ಕಿಂತ ಇದೇ ಚೆನ್ನ ಅಂತ ನನ್ನ ಅನಿಸಿಕೆ. ಆದರೆ ಹೀಗೆ ಗುಂಪು ಮಾಡಿ ಮೊತ್ತ ಹಾಕಲು ಪಿವೋಟ್ ಟೇಬಲ್ ಮಾಡಿದ ಕೂಡಲೇ ಹೆಸರುಗಳು ಅಕ್ಷರಮಾಲೆ ಪ್ರಕಾರ ಸಾಲಾಗುತ್ತವೆ. ಆರಿದ್ರಾ ಮೊದಲು, ಅದರ ಪಕ್ಕ ಆಶ್ಲೇಷಾ, ಜೂನ್ ಆರಂಭದ ಮೃಗಶಿರಾ ಎಲ್ಲಕ್ಕಿಂತ ಕೊನೆ. ಚಾರ್ಟ್ ನೋಡಿದರೆ ಮಳೆ ಹಿಂದೆ ಮುಂದೆ ಜಿಗಿದಂತೆ ಇರುತ್ತದೆ. ಹೆಸರಿನ ಮುಂದೆ 1 ಮೃಗಶಿರಾ, 2 ಆರಿದ್ರಾ ಅಂತ ಅಂಕಿ ಸೇರಿಸಿದರೆ ಸಾಕು. ಇಲ್ಲವೇ ಪಿವೋಟ್ ಟೇಬಲ್‌ನಲ್ಲೇ ಹೆಸರಿನ ಸೆಲ್ಲನ್ನು ಅಂಚಿನಲ್ಲಿ ಹಿಡಿದು ಸರಿಯಾದ ಜಾಗಕ್ಕೆ ಎಳೆಯಿರಿ.

ಬೇಗ ಸರಿಯಾಗುವ ಕೆಲವು

ಕೆಳಗೆ ಎಲ್ಲೋ ಎರಡು ಸಾವಿರದ ಆಸುಪಾಸಿನಲ್ಲಿ ಒಂದು ನೇರ ಗೆರೆ ಬಂದಿದೆ, ಅದು ಏನು ಅಂತ ಗೊತ್ತಿಲ್ಲ. ಅದು ನಿಮ್ಮ ವರ್ಷದ ಕಾಲಂ. 2019, 2020, 2021 ಅನ್ನುವುದನ್ನೂ ಎಕ್ಸೆಲ್ ಲೆಕ್ಕ ಅಂದುಕೊಂಡಿದೆ. ಸೆಲೆಕ್ಟ್ ಡೇಟಾದಲ್ಲಿ ವರ್ಷದ ಸೀರೀಸ್ ರಿಮೂವ್ ಮಾಡಿ, ಬಲಗಡೆಯ ಹಾರಿಜಾಂಟಲ್ ಆಕ್ಸಿಸ್ ಲೇಬಲ್ಸ್‌ಗೆ ಎಡಿಟ್ ಒತ್ತಿ ವರ್ಷಗಳನ್ನು ಆರಿಸಿ. ಮುಂದಿನ ಸಲ ಚಾರ್ಟ್ ಮಾಡುವ ಮೊದಲು ವರ್ಷದ ತಲೆಬರಹದ ಸೆಲ್ ಖಾಲಿ ಬಿಟ್ಟರೆ ಈ ತೊಂದರೆ ಬರುವುದಿಲ್ಲ. ಗೂಗಲ್ ಶೀಟ್ಸ್‌ನಲ್ಲಿ ಕಾಲಂ ಎ ಅನ್ನು ಲೇಬಲ್ ಆಗಿ ಬಳಸುವ ಟಿಕ್ ಇದೆ, ಹಾಕಿ.

ಪೈ ಚಾರ್ಟ್‌ನಲ್ಲಿ ಒಂದು ತುಂಡು ಸರಿಯಾಗಿ ಅರ್ಧ ವೃತ್ತ ಇದ್ದರೆ ನೀವು ಒಟ್ಟು ಅನ್ನುವ ಸಾಲನ್ನೂ ಸೇರಿಸಿ ಆರಿಸಿದ್ದೀರಿ. ಮೊತ್ತ ಯಾವಾಗಲೂ ಉಳಿದ ಎಲ್ಲದಕ್ಕೆ ಸಮ, ಹಾಗಾಗಿ ಅರ್ಧ. ಕಂಬದ ಚಾರ್ಟ್‌ನಲ್ಲಿ ಇದೇ ಕೊನೆಯ ದೈತ್ಯ ಕಂಬ.

ಹೊಸ ಸಾಲು ಸೇರಿಸಿದರೂ ಚಾರ್ಟ್ ಬೆಳೆಯುತ್ತಿಲ್ಲ ಅಂದರೆ ಎಕ್ಸೆಲ್‌ನಲ್ಲಿ ಡೇಟಾ ಆರಿಸಿ ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡಿ. ಕೆಳಗೆ ಬರೆದದ್ದೆಲ್ಲ ತಾನೇ ಚಾರ್ಟ್‌ಗೆ ಬರುತ್ತದೆ. ನಿನ್ನೆ ಇದ್ದ ಗೆರೆ ಇವತ್ತು ಅರ್ಧ ಕಾಣೆಯಾಗಿದ್ದರೆ ಯಾರೋ ಫಿಲ್ಟರ್ ಹಾಕಿರುತ್ತಾರೆ ಅಥವಾ ಸಾಲು ಹೈಡ್ ಮಾಡಿರುತ್ತಾರೆ. ಅಡಗಿಸಿದ ಸಾಲನ್ನು ಚಾರ್ಟ್ ತೋರಿಸುವುದಿಲ್ಲ. ಅದೇ ಹಿಡನ್ ಅಂಡ್ ಎಂಪ್ಟಿ ಸೆಲ್ಸ್ ಕಿಟಕಿಯಲ್ಲಿ ಅಡಗಿದ್ದನ್ನೂ ತೋರಿಸು ಅನ್ನುವ ಟಿಕ್ ಇದೆ.

ಹೋಬಳಿಗಳು ಅಕ್ಷದಲ್ಲಿ ಬರಬೇಕಿತ್ತು, ಬಣ್ಣದ ಪಟ್ಟಿಯಲ್ಲಿ ಬಂದಿವೆ ಅಂದರೆ ಸ್ವಿಚ್ ರೋ ಕಾಲಂ ಒಂದು ಸಲ ಒತ್ತಿ.

ಸೆಲ್‌ನಲ್ಲಿ ಕನ್ನಡ, ಚಾರ್ಟ್‌ನಲ್ಲಿ ಅರ್ಥವಾಗದ ಅಕ್ಷರ

ಇದು ಕನ್ನಡದವರಿಗೇ ಮೀಸಲಾದ ಕಾಟ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ಗಳಲ್ಲಿ ಬರುತ್ತದೆ. ಆ ಫಾಂಟ್‌ಗಳಲ್ಲಿ ಒಳಗೆ ಇರುವುದು ರೋಮನ್ ಸಂಕೇತಗಳೇ. ಮೇಲೆ ಕನ್ನಡದ ರೂಪ ತೋರಿಸುತ್ತದೆ ಅಷ್ಟೇ. ಚಾರ್ಟ್ ಬೇರೆ ಫಾಂಟ್ ಬಳಸಿದ ಕೂಡಲೇ ಒಳಗಿನದು ಹೊರಗೆ ಕಾಣುತ್ತದೆ.

ಚಾರ್ಟ್‌ನ ಫಾಂಟನ್ನೂ ನುಡಿಗೆ ಬದಲಿಸಿದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಸರಿ ಕಾಣುತ್ತದೆ. ಬೇರೆಯವರಿಗೆ ಫೈಲ್ ಕಳಿಸಿದರೆ ಮತ್ತೆ ಅದೇ ಗೋಳು. ಗಟ್ಟಿ ಪರಿಹಾರ ಅಂದರೆ ಯೂನಿಕೋಡ್‌ಗೆ ಬದಲಿಸುವುದು. ನುಡಿ ಮತ್ತು ಬರಹ ಎರಡರಲ್ಲೂ ಬದಲಿಸುವ ಸಲಕರಣೆ ಇದೆ. ಬದಲಿಸಿದ ಮೇಲೆ ಚಾರ್ಟ್‌ಗೆ ನಿರ್ಮಲಾ ಯುಐ ಅಥವಾ ತುಂಗಾ ಫಾಂಟ್ ಕೊಡಿ. ಹೌದು, ವಿಂಡೋಸ್‌ನ ಕನ್ನಡ ಫಾಂಟ್ ಒಂದಕ್ಕೆ ನಮ್ಮ ತುಂಗೆಯ ಹೆಸರೇ ಇದೆ. ಹೊಸ ವಿಂಡೋಸ್‌ನಲ್ಲಿ ಅದು ಕಾಣದಿದ್ದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಫಾಂಟ್‌ಗಳನ್ನು ಸೇರಿಸಬೇಕು.

ಅಂಕಿಗಳನ್ನು ಮಾತ್ರ 1, 2, 3 ಅಂತಲೇ ಟೈಪ್ ಮಾಡಿ. ಕನ್ನಡ ಅಂಕಿ ಚೆಂದ, ನನಗೂ ಇಷ್ಟ. ಆದರೆ ೪೫ ಅಂತ ಹೊಡೆದ ಸೆಲ್‌ಗೆ ಇಸ್‌ನಂಬರ್ ಹಾಕಿ ಟ್ರೂ ಬರುತ್ತದಾ ನೋಡಿಯೇ ಮುಂದೆ ಹೋಗಿ.

ಕಳಿಸುವಾಗ ಕೆಡುವುದು

ಕಂಪ್ಯೂಟರ್‌ನಲ್ಲಿ ಸರಿ ಇದ್ದ ಚಾರ್ಟ್ ಫೋನ್‌ನಲ್ಲಿ ತೆರೆದಾಗ ಅಕ್ಷರ ಒಂದರ ಮೇಲೊಂದು ಬಿದ್ದಿದ್ದರೆ, ಫೈಲ್ ಬದಲು ಚಿತ್ರ ಕಳಿಸಿ. ಚಾರ್ಟ್ ಮೇಲೆ ಬಲ ಗುಂಡಿ ಒತ್ತಿ ಸೇವ್ ಆ್ಯಸ್ ಪಿಕ್ಚರ್. ಕ್ಯಾಲ್ಕ್‌ನಲ್ಲಿ ಎಕ್ಸ್‌ಪೋರ್ಟ್ ಆ್ಯಸ್ ಇಮೇಜ್.

ವರ್ಡ್‌ಗೆ ಅಂಟಿಸಿದ ಚಾರ್ಟ್ ತಾನಾಗಿ ಬದಲಾಗುತ್ತಿದ್ದರೆ ಅದು ಮೂಲ ಎಕ್ಸೆಲ್ ಫೈಲ್ ಜೊತೆ ಲಿಂಕ್ ಆಗಿದೆ. ಸಹಕಾರ ಸಂಘದ ವರದಿಯಂಥ ಕಡೆ ಇದು ಬೇಡ. ಅಂಟಿಸುವಾಗ ಪೇಸ್ಟ್ ಆಪ್ಷನ್ಸ್‌ನಲ್ಲಿ ಪಿಕ್ಚರ್ ಆರಿಸಿ. ಚಿತ್ರದ ಕೆಳಗೆ ಯಾವ ಊರಿನ ಮಳೆ, ಯಾವ ಅಳತೆ, ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಅಂತ ಒಂದು ಸಾಲು ಬರೆದು ಕಳಿಸಿ. ವರದಿ ಓದುವವರು ಯಾರಾದರೂ ಅಂಕಿ ಕೇಳಿದರೆ ಕೊಡಲು ಎಕ್ಸೆಲ್ ಫೈಲನ್ನು ಅದೇ ಹೆಸರಿನಲ್ಲಿ ಪಕ್ಕದಲ್ಲೇ ಇಟ್ಟುಕೊಂಡಿರಿ.